ಅಪ್ಪನ ತೊಟ್ಟಿ, ಮಗನ ಮಣ್ಣು

"ನೀರು ಕನ್ನಡಿ ಥರ ಇದೆ ಅಂಕಲ್, ಆದ್ರೂ ಮೀನು ಯಾಕೆ ಸತ್ತವು?" ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದವನು ನಾನು. ನಿವೃತ್ತನಾದ ಮೇಲೂ ಬಡಾವಣೆಯ ಹುಡುಗರು ಜ್ಯೂಸ್ ಬಾಟಲಿಯಲ್ಲಿ ತಮ್ಮ ಅಕ್ವೇರಿಯಂ ನೀರು ತುಂಬಿಕೊಂಡು ಬಂದು ಇದನ್ನೇ ಕೇಳುತ್ತಾರೆ. ನಾನು ಲಂಡನ್ನಿನ ಒಬ್ಬ ಅಪ್ಪ ಮತ್ತು ಮಗನ ಕಥೆ ಶುರು ಮಾಡುತ್ತೇನೆ. ಅವಸರದಲ್ಲಿರುವವರಿಗೆ ಕಿರಿಕಿರಿಯಾಗುತ್ತದೆ, ಗೊತ್ತು. ಏನು ಮಾಡುವುದು, ಉತ್ತರ ಇರುವುದೇ ಆ ಮನೆಯಲ್ಲಿ.

ಅಪ್ಪ ರಾಬರ್ಟ್ ವಾರಿಂಗ್ಟನ್. ಔಷಧಿ ತಯಾರಕರ ಸಂಘದ ಅಪೋಥೆಕರೀಸ್ ಹಾಲ್‌ನಲ್ಲಿ ರಸಾಯನ ತಜ್ಞ, ಸಂಸಾರವೂ ಅಲ್ಲೇ. 1849ರಲ್ಲಿ ಆತ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು, ಕಲ್ಲಿನ ಚೂರು ಹಾಕಿ, ಅರ್ಧದವರೆಗೆ ಚಿಲುಮೆ ನೀರು ತುಂಬಿಸಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು ಎರಡು ಗೋಲ್ಡ್‌ಫಿಶ್ ಬಿಟ್ಟ. ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಎಳೆದುಕೊಳ್ಳಬೇಕು, ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡಬೇಕು, ನೀರು ಬದಲಿಸುವ ಗೋಜೇ ಇರಬಾರದು. ಲೆಕ್ಕ ಚೆನ್ನಾಗಿತ್ತು. ಆದರೆ ಹಳೆ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಹತ್ತಿತು. ಆಗ ಆತ ಐದಾರು ಕೆರೆ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೆಲ್ಲ ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. ಮರುವರ್ಷ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಬಂತು.

ಫಿಲಿಪ್ ಹೆನ್ರಿ ಗಾಸ್ ಇದೇ ಸೂತ್ರವನ್ನು ಕಡಲ ಜೀವಿಗಳಿಗೆ ಹಚ್ಚಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು, 1854ರಲ್ಲಿ ಗಾಸ್‌ನ ಪುಸ್ತಕ ಬಂತು, ಇಂಗ್ಲೆಂಡಿನ ಉಳ್ಳವರ ಪಡಸಾಲೆಗಳಿಗೆಲ್ಲ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು. ಅಲ್ಲಿಂದ ಸುಮಾರು ನೂರು ವರ್ಷ, ಮೀನು ಸತ್ತರೆ ಕಾರಣ ಒಂದೇ: ಗಿಡ ಮತ್ತು ಮೀನಿನ ಸಮತೋಲ ತಪ್ಪಿದೆ. ಇದಕ್ಕಿಂತ ಸುಖದ ಉತ್ತರ ಇನ್ನೊಂದಿಲ್ಲ. ಮೀನು ಬದುಕಿದರೆ ಸಮತೋಲವಿತ್ತು, ಸತ್ತರೆ ಇರಲಿಲ್ಲ!

ನನ್ನ ಅನುಮಾನ ಮಾತ್ರ ಮೊದಲಿನಿಂದಲೂ ಅಪ್ಪ ಪಾತ್ರೆಗೆ ಹಾಕಿದ ಆ ಕೆಸರಿನ ಮೇಲೆ. ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ಕೊಳೆಯುವ ಎಲೆ, ಉಳಿದ ಕಾಳಿನಿಂದಲೂ ಅಮೋನಿಯಾ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ಕನ್ನಡಿಯಂತೆಯೇ ಇರುತ್ತದೆ. 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ, ಒಟ್ಟು ಅಮೋನಿಯಾದಲ್ಲಿ ವಿಷದ ರೂಪದ್ದು ಶೇ. 1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇ. 5 ದಾಟುತ್ತದೆ. ಒಂದು ಮನೆಯಲ್ಲಿ ಉಳಿದ ಮೀನು, ಅಷ್ಟೇ ಹೊಲಸಾದ ಪಕ್ಕದ ಮನೆಯ ತೊಟ್ಟಿಯಲ್ಲಿ ಉಳಿಯದಿರುವುದು ಹೀಗೆ. ಅಮೋನಿಯಾ ನೈಟ್ರೈಟ್ ಆದರೂ ಗಂಡಾಂತರ ತಪ್ಪದು. ರಕ್ತ ಕಂದಾಗಿ, ನೀರಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನೈಟ್ರೇಟ್ ಆದ ಮೇಲೆ ಬಹುಮಟ್ಟಿಗೆ ನಿಶ್ಚಿಂತೆ.

ಈ ಮಾರ್ಪಾಡು ಯಾರ ಕೆಲಸ ಎನ್ನುವುದು ಹೊಳೆದದ್ದು ಮೋರಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯಲ್ಲಿ ಚರಂಡಿ ನೀರನ್ನು ಮೆಲ್ಲಗೆ ಇಳಿಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ, ಅಮೋನಿಯಾ ಅಮೋನಿಯಾ ಆಗಿಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಹಾಯಿಸಿದರು, ನಿಂತುಹೋಯಿತು. ಕ್ಲೋರೋಫಾರ್ಮ್ ತೆಗೆದು ತೋಟದ ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಅಂದರೆ ಜೀವ ಇರುವ ಯಾವುದೋ ಈ ಕೆಲಸ ಮಾಡುತ್ತಿದೆ.

ಇದನ್ನು ಓದಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗಾಲಯದಲ್ಲಿ ಒಬ್ಬರು ಹಟ ಹಿಡಿದು ಕೂತರು. ಅವರ ಹೆಸರೂ ರಾಬರ್ಟ್ ವಾರಿಂಗ್ಟನ್, ಅಪೋಥೆಕರೀಸ್ ಹಾಲ್‌ನ ಮಗ. ಅಪ್ಪ ಆ ಎರಡು ಮೀನು ಬಿಟ್ಟಾಗ ಹುಡುಗನಿಗೆ ಹತ್ತೋ ಹನ್ನೊಂದೋ. ಹೊಲದ ಮಣ್ಣಿನಿಂದ ಅವರು ತೋರಿಸಿದ್ದು ಇಷ್ಟು: ಈ ಜೀವಿಗಳಿಗೆ ಕತ್ತಲೇ ಹಿತ, ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಒಂದು ಜಾತಿ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಲು ಮಾತ್ರ ಆಗಲಿಲ್ಲ. ಜೆಲಾಟಿನ್ ಮೇಲೆ ಅವು ಬೆಳೆಯಲೊಲ್ಲವು. 1890ರ ಹೊತ್ತಿಗೆ ರಷ್ಯಾದ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿ ಹೆಸರು ಗೆದ್ದರು.

ಇಲ್ಲಿಗೆ ಅಕ್ವೇರಿಯಂ ಪುಸ್ತಕಗಳು ತಿದ್ದುಪಡಿ ಆಗಬೇಕಿತ್ತು. ಆಗಲಿಲ್ಲ. ರೈತರಿಗೆ ಬರೆದದ್ದನ್ನು, ಚರಂಡಿಯವರಿಗೆ ಬರೆದದ್ದನ್ನು ಮೀನು ಸಾಕುವ ಶೋಕಿಯವರು ಯಾಕೆ ಓದುತ್ತಾರೆ? ನ್ಯೂಯಾರ್ಕ್ ಅಕ್ವೇರಿಯಂನ ಜೇಮ್ಸ್ ಆಟ್ಜ್ 1949ರಲ್ಲಿ, ತೊಟ್ಟಿಯ ಉಸಿರಾಟ ನಡೆಯುವುದು ಮುಖ್ಯವಾಗಿ ನೀರಿನ ಮೇಲ್ಮೈಯಲ್ಲಿ, ಗಿಡವನ್ನು ನೆಚ್ಚಿಕೊಂಡಲ್ಲ ಎಂದು ಬರೆದು ಸಮತೋಲದ ನಂಬಿಕೆಗೆ ಕೊಡಲಿ ಹಾಕಿದರು. ಅಪ್ಪನ ಪ್ರಯೋಗಕ್ಕೆ ಆಗ ನೂರು ತುಂಬಿತ್ತು.

ಮಗನ ಲೆಕ್ಕವೂ ಪೂರ್ತಿ ಉಳಿಯಲಿಲ್ಲ. 2015ರಲ್ಲಿ ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಸಿಕ್ಕಿತು. ನೆದರ್‌ಲೆಂಡ್ಸ್‌ನವರಿಗೆ ಅದು ದೊರೆತದ್ದು ಮೀನು ಸಾಕಣೆ ಘಟಕದ ಫಿಲ್ಟರಿನಲ್ಲಿ.

ಹುಡುಗರು ಇಲ್ಲಿಗೆ ಗಡಿಯಾರ ನೋಡಲು ತೊಡಗುತ್ತಾರೆ. "ಟ್ಯಾಂಕ್ ತಂದು ಎಷ್ಟು ದಿನ ಆಯ್ತು?" ಎಂದು ಕೇಳಿದರೆ ಎರಡು ವಾರ, ಮೂರು ವಾರ ಅನ್ನುತ್ತಾರೆ. ಶ್ಲೋಸಿಂಗ್‌ನ ಇಪ್ಪತ್ತು ದಿನ! ಮೀನಿನ ಅಂಗಡಿಯವರು "ಟ್ಯಾಂಕ್ ಇನ್ನೂ ಸೈಕಲ್ ಆಗಿಲ್ಲ" ಅನ್ನುವುದು ಇದನ್ನೇ. ಹಳೇ ತೊಟ್ಟಿ ಇಟ್ಟುಕೊಂಡ ಗೆಳೆಯನ ಫಿಲ್ಟರ್ ಸ್ಪಾಂಜನ್ನು ಹೊಸ ತೊಟ್ಟಿಯಲ್ಲಿ ಚೆನ್ನಾಗಿ ಹಿಂಡಿ, ಆಮೇಲೆ ಒಂದೋ ಎರಡೋ ಮೀನು ಮಾತ್ರ ಬಿಡಿ ಎನ್ನುತ್ತೇನೆ. ಆ ಜೀವಿಗಳಿರುವುದು ಸ್ಪಾಂಜಿನ ಕಂದು ರಾಡಿಯಲ್ಲೇ, ತಾಯಂದಿರಿಗೋ ಅದನ್ನು ಕಂಡರೆ ಅಸಹ್ಯ. ಸ್ಪಾಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದು ಕೊಟ್ಟವರೂ ಇದ್ದಾರೆ.