ಛಡಿ ಹೋದ ಶಾಲೆ, ನಿಗಾ ತಪ್ಪಿದ ಮನೆ: ಹಾವೇರಿ ಸೀಮೆಯ ಮಕ್ಕಳ ಶಿಸ್ತು ಮತ್ತು ಯುವಜನರ ಹಿಂಸೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಯಾವುದೇ ಊರಿನ ಕಟ್ಟೆಯ ಮೇಲೆ ಹುಡುಗರ ಹೊಡೆದಾಟದ ಮಾತು ಬಂದರೆ ತೀರ್ಪು ಬೇಗ ಹೊರಬೀಳುತ್ತದೆ: ಮಾಸ್ತರ ಕೈಯಾಗಿನ ಛಡಿ ಹೋತು, ಹುಡುಗರು ಕೈಮೀರಿದರು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಆರನೇ ತರಗತಿಯ ಹುಡುಗನೊಬ್ಬ ಕ್ಷುಲ್ಲಕ ಜಗಳದಲ್ಲಿ ತನಗಿಂತ ದೊಡ್ಡ ಗೆಳೆಯನಿಗೆ ಚಾಕು ಹಾಕಿ ಕೊಂದ ಸುದ್ದಿ ಬಂದ ಮೇಲಂತೂ ಈ ತೀರ್ಪಿಗೆ ಎದುರಾಡುವವರೇ ಇಲ್ಲವಾದರು. ಆದರೆ ಈ ಒಂದು ಮಾತಿನಲ್ಲಿ ಎರಡು ವಾದಗಳಿವೆ. ಶಿಸ್ತಿನ ರೀತಿ ಬದಲಾಗಿದೆ ಎಂಬುದು ಒಂದು, ಹಿಂಸೆಗೆ ಅದೇ ಕಾರಣ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಮಾತ್ರ ನಿಜ. ಎರಡನೆಯದಕ್ಕೆ ಸಾಕ್ಷ್ಯ ತೀರ ತೆಳು.

ಹಳೆಯ ಶಿಸ್ತು ಹೇಗಿತ್ತೆಂದು ತಿಳಿಯಲು ರಾಣೇಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಸಾಕು. ಹರಪನಹಳ್ಳಿಯನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದ್ರಾಸಿನ ಕಂದಾಯ ಮಂಡಳಿಗೆ ಕಳಿಸಿದ ವರದಿಯಲ್ಲಿ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಂತೆಲ್ಲ ಪೆಟ್ಟು ಏರುತ್ತಿತ್ತು. ಸೋಮಾರಿ ಹುಡುಗನನ್ನು ಎರಡೂ ಕೈ ಕಟ್ಟಿ ಮಾಳಿಗೆಗೆ ನೇತುಹಾಕುವುದೂ ಉಂಟು, ಬಸ್ಕಿ ಹೊಡೆಸುವುದೂ ಉಂಟು. ಕ್ಯಾಂಪ್‌ಬೆಲ್ ಇದನ್ನು ನಿತ್ಯದ ಸಂಗತಿ ಎಂಬಂತೆ ಬರೆದಿದ್ದಾನೆ.

ಮನೆಯ ಶಿಕ್ಷೆಗಳ ಸಾಲಿನಲ್ಲಿ ಒಣಮೆಣಸಿನಕಾಯಿಯ ಘಾಟು ಹಿಡಿಸುವುದೂ ಇತ್ತು. ಮೆಣಸಿನಕಾಯಿಯ ತವರಾದ ಮೆಕ್ಸಿಕೊದಲ್ಲಿ ಹದಿನಾರನೇ ಶತಮಾನದಲ್ಲಿ ಸಿದ್ಧವಾದ ‘ಕೋಡೆಕ್ಸ್ ಮೆಂಡೋಸಾ’ ಎಂಬ ಚಿತ್ರಗ್ರಂಥದಲ್ಲಿ ಹನ್ನೊಂದು ವರ್ಷದ ಮಗನನ್ನು ತಂದೆ ಇದೇ ಹೊಗೆಗೆ ಒಡ್ಡುವ ಚಿತ್ರವಿದೆ.  

ಕಾನೂನು ಬದಲಾದದ್ದು ಈಚೆಗೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಇಲ್ಲೊಂದು ಸರಳ ಲೆಕ್ಕವಿದೆ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗುವಿಗೆ ಹದಿನೆಂಟು ತುಂಬಿದ್ದು 2022ರ ಸುಮಾರಿಗೆ. ಅಂದರೆ ಇಂದು ಇಪ್ಪತ್ತೈದು ದಾಟಿದ ಯಾವ ಯುವಕನನ್ನೂ ‘ಛಡಿ ಇಲ್ಲದ ಕಾಲದ ಕೂಸು’ ಎನ್ನುವಂತಿಲ್ಲ. ಆತ ಅಕ್ಷರ ಕಲಿತದ್ದು ಛಡಿಯ ನೆರಳಿನಲ್ಲೇ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಇಬ್ಬರು ಪೆಟ್ಟು ತಿಂದುದಾಗಿ ಹೇಳಿದ್ದರು. ಕರ್ನಾಟಕ ಆ ಅಧ್ಯಯನದ ಹದಿಮೂರು ರಾಜ್ಯಗಳಲ್ಲಿ ಇರಲಿಲ್ಲ, ನಿಜ. ಆದರೂ ಗೋವಾ, ಮಹಾರಾಷ್ಟ್ರ, ಆಂಧ್ರ, ಕೇರಳ ಎಂಬ ನಾಲ್ಕು ನೆರೆರಾಜ್ಯಗಳು ಅದರಲ್ಲಿದ್ದವು. ಇನ್ನೂ ಗಮನಿಸಬೇಕಾದ ಸಂಗತಿ, ಕುಟುಂಬದಲ್ಲಿ ಹೊಡೆತ ತಿಂದ ಮಕ್ಕಳಲ್ಲಿ ಶೇ 88.6ರಷ್ಟು ಮಂದಿಗೆ ಹೊಡೆದವರು ತಾಯಿತಂದೆಯೇ.

ಈ ಮನೆಯ ಹೊಡೆತವನ್ನು ಯಾವ ಕಾನೂನೂ ಪೂರ್ತಿ ತಡೆದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆಯಿದೆ. ಆದರೆ ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಭಾರತೀಯ ದಂಡ ಸಂಹಿತೆಯ 89ನೇ ಕಲಮು ಕೊಟ್ಟಿದ್ದ ರಕ್ಷಣೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮಾಗಿ ಮುಂದುವರಿದಿದೆ. ಶಾಲೆಯಲ್ಲಿ ನಿಷೇಧ, ಮನೆಯಲ್ಲಿ ರಿಯಾಯಿತಿ. ‘ಬುದ್ಧಿ ಬರೂ ತನಕ ಬಡೀರಿ ಮಾಸ್ತರ’ ಎಂದು ಶಾಲೆಯ ಬಾಗಿಲಲ್ಲಿ ಮಗನನ್ನು ಬಿಟ್ಟುಹೋಗುತ್ತಿದ್ದ ಅಪ್ಪ, ಈಗ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಾನೆ, ಅಷ್ಟೆ.

ಇಂಥ ಅರೆನಿಷೇಧ ಏನು ಮಾಡುತ್ತದೆ ಎಂಬುದಕ್ಕೆ ಕೆನಡಾದ ಫ್ರಾಂಕ್ ಎಲ್ಗರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ, 88 ದೇಶಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯ ಅಧ್ಯಯನ ಬೆಳಕು ಚೆಲ್ಲುತ್ತದೆ. ಮನೆ, ಶಾಲೆ ಎರಡರಲ್ಲೂ ಹೊಡೆತ ನಿಷೇಧಿಸಿದ ದೇಶಗಳಲ್ಲಿ ಹುಡುಗರ ಹೊಡೆದಾಟ ನಿಷೇಧವೇ ಇಲ್ಲದ ದೇಶಗಳಿಗಿಂತ ಶೇ 31ರಷ್ಟು ಕಡಿಮೆ ಇತ್ತು. ಶಾಲೆಯಲ್ಲಿ ಮಾತ್ರ ನಿಷೇಧವಿದ್ದಲ್ಲಿ ಹುಡುಗಿಯರ ಹೊಡೆದಾಟ ಕಡಿಮೆಯಿತ್ತು, ಹುಡುಗರದ್ದು ನಿಷೇಧವಿಲ್ಲದ ದೇಶಗಳಷ್ಟೇ ಇತ್ತು. ದೇಶದೇಶಗಳನ್ನು ಹೋಲಿಸುವ ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ. ಶಾಂತ ಸಮಾಜಗಳೇ ಮೊದಲು ನಿಷೇಧ ತಂದಿರಬಹುದು. 1979ರಲ್ಲೇ ಮನೆಯ ಹೊಡೆತವನ್ನೂ ನಿಷೇಧಿಸಿದ ಸ್ವೀಡನ್ನಿನಲ್ಲಿ ಮುಂದೆ ಕಿರಿಯರ ಹಲ್ಲೆಯ ದೂರುಗಳು ಏರಿದ್ದನ್ನು ಅಮೆರಿಕದ ರಾಬರ್ಟ್ ಲಾರ್ಜೆಲೆರ್ ಎತ್ತಿ ತೋರಿಸಿದ್ದೂ ಇದೆ. ಜನ ದೂರು ಕೊಡುವುದು ಹೆಚ್ಚಾಗಿದೆ ಎಂಬುದು ಎದುರು ಪಕ್ಷದ ಉತ್ತರ.

ನಮ್ಮ ಅಂಕಿಅಂಶವೂ ಸರಳವಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಅಪ್ರಾಪ್ತರ ಮೇಲೆ ದೇಶದಲ್ಲಿ ದಾಖಲಾದ ಪ್ರಕರಣಗಳು 2016ರಲ್ಲಿ 35,849 ಇದ್ದದ್ದು 2022ರಲ್ಲಿ 30,555ಕ್ಕೆ ಇಳಿದವು. ಅದೇ ಅವಧಿಯಲ್ಲಿ ಹಿಂಸಾಕೃತ್ಯಗಳಿಗಾಗಿ ಸಿಕ್ಕಿಬಿದ್ದವರ ಪಾಲು ಮೂರನೇ ಒಂದರ ಆಸುಪಾಸಿನಿಂದ ಅರ್ಧದ ಹತ್ತಿರ ಬಂತು. ಛಡಿ ಕಾಣದ ಪೀಳಿಗೆಯೆಲ್ಲ ಕೆಟ್ಟಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕೆಲವೇ ಹುಡುಗರು ಹೆಚ್ಚು ಕ್ರೂರರಾಗುತ್ತಿದ್ದಾರೆಯೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಹಾಗಾದರೆ ಬದಲಾದದ್ದೇನು? ನಿಗಾ. ರಾಣೇಬೆನ್ನೂರು ಸುತ್ತಿನ ಹೈಬ್ರಿಡ್ ತರಕಾರಿ ಬೀಜೋತ್ಪಾದನೆಯನ್ನೇ ನೋಡಬಹುದು. ಟೊಮೆಟೊ ಮೊಗ್ಗಿನ ಕೇಸರವನ್ನು ಸಂಜೆಯೇ ಚಿಮಟದಿಂದ ಕಿತ್ತು, ಮರುದಿನ ಬೆಳಿಗ್ಗೆ ಹೂವಿಗೆ ಪರಾಗ ಮುಟ್ಟಿಸಬೇಕು. ಈ ‘ಕ್ರಾಸಿಂಗ್’ ಕೆಲಸಕ್ಕೆ ಹೆಚ್ಚಾಗಿ ಹೆಣ್ಣಾಳುಗಳೇ ಬೇಕು. ಮಗು ಶಾಲೆಗೆ ಹೊರಡುವ ಹೊತ್ತು, ಶಾಲೆ ಬಿಟ್ಟು ಬರುವ ಹೊತ್ತು, ಎರಡರಲ್ಲೂ ತಾಯಿ ಹೊಲದಲ್ಲಿರುತ್ತಾಳೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಏರುವುದು ಜನವರಿಯಿಂದ ಮಾರ್ಚ್‌ವರೆಗೆ. ತೊಟ್ಟು ಬಿಡಿಸುವ ಹೆಂಗಸರಿಗೆ ಕೈತುಂಬ ಕೆಲಸ ಸಿಗುವುದು ಮಕ್ಕಳ ಪರೀಕ್ಷೆ ಹತ್ತಿರ ಬಂದಾಗಲೇ. ಮೊದಲು ಮನೆಯಲ್ಲಿ ಅಜ್ಜಿಯೋ ದೊಡ್ಡವ್ವನೋ ಇರುತ್ತಿದ್ದರು. ಈಗ ಮನೆ ಪಾಲಾಗಿದೆ, ಹುಡುಗನ ಕೈಯಲ್ಲಿ ಮೊಬೈಲ್ ಇದೆ. ಇದು ದುಡಿಯುವ ತಾಯಂದಿರ ಮೇಲೆ ಹೊರಿಸುವ ತಪ್ಪಲ್ಲ. ಕೂಲಿಯ ವೇಳಾಪಟ್ಟಿಗೂ ಶಾಲೆಯ ವೇಳಾಪಟ್ಟಿಗೂ ತಾಳಮೇಳವಿಲ್ಲ ಎಂಬುದಷ್ಟೇ ಮಾತು.

ನಿಗಾದ ಮಹತ್ವಕ್ಕೆ ಹಳೆಯ ಪುರಾವೆಯಿದೆ. ಬಾಸ್ಟನ್ನಿನ ಗ್ಲೂಕ್ ದಂಪತಿ 1940ರ ದಶಕದಲ್ಲಿ 500 ಅಪರಾಧಿ ಬಾಲಕರ ಜೊತೆಗೆ ಅಷ್ಟೇ ಮಂದಿ ಇತರ ಬಾಲಕರ ಮಾಹಿತಿ ಕಲೆಹಾಕಿದ್ದರು. ಅದನ್ನು ಮತ್ತೆ ವಿಶ್ಲೇಷಿಸಿದ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ 1993ರಲ್ಲಿ ಕಂಡದ್ದು ಇದು: ಬಡತನಕ್ಕಿಂತಲೂ ನೇರವಾಗಿ ಹುಡುಗನನ್ನು ಅಪರಾಧದ ಕಡೆ ತಳ್ಳುವುದು ಒಮ್ಮೆ ಬಡಿದು ಒಮ್ಮೆ ಬಿಟ್ಟುಬಿಡುವ ಒರಟು ಶಿಸ್ತು, ಮೇಲ್ವಿಚಾರಣೆಯ ಕೊರತೆ ಮತ್ತು ಹೆತ್ತವರೊಂದಿಗೆ ಸಡಿಲವಾದ ನಂಟು.

ಜಿಲ್ಲೆಯ ಎರಡು ಘಟನೆಗಳು ಇನ್ನೊಂದು ದಿಕ್ಕು ತೋರುತ್ತವೆ. 2024ರ ಜನವರಿಯಲ್ಲಿ ಹಾನಗಲ್ ತಾಲೂಕಿನ ವಸತಿಗೃಹವೊಂದಕ್ಕೆ ಯುವಕರ ಗುಂಪು ನುಗ್ಗಿ, ಬೇರೆ ಬೇರೆ ಧರ್ಮದ ಒಂದು ಜೋಡಿಯನ್ನು ಬಡಿದು, ಅದರ ವಿಡಿಯೊ ಮಾಡಿತು. ಸಾಮೂಹಿಕ ಅತ್ಯಾಚಾರದ ಆರೋಪವೂ ದಾಖಲಾಯಿತು. 2025ರ ಮೇನಲ್ಲಿ ಜಾಮೀನು ಪಡೆದ ಆರೋಪಿಗಳು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ಹೊರಟರು. ಪರರಿಗೆ ಶಿಸ್ತು ಕಲಿಸಲು ಹೊರಟ ಗುಂಪಿನ ಹಿಂಸೆಯಿದು. ಬಡಿದರೇ ಬುದ್ಧಿ ಬರುವುದೆಂಬ ಪಾಠ ಇಲ್ಲಿ ಸಾಕಷ್ಟು ಗಟ್ಟಿಯಾಗಿಯೇ ಕಲಿತಂತಿದೆ.

ಅದೇ 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ದಿಢೀರನೆ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಆ ರೈತರಿಗೆ ಬಾಲ್ಯದಲ್ಲಿ ಪೆಟ್ಟು ಸಾಲಲಿಲ್ಲ ಎಂದು ಯಾರೂ ವಾದಿಸಲಿಲ್ಲ. ಬೆಲೆ, ಸಾಲ, ಟೆಂಡರುಗಳಲ್ಲಿ ಕಾರಣ ಹುಡುಕಿದರು. ಹುಡುಗರ ವಿಷಯ ಬಂದಾಗ ಮಾತ್ರ ಈ ಹುಡುಕಾಟ ಛಡಿಯ ಹತ್ತಿರವೇ ನಿಂತುಬಿಡುತ್ತದೆ.

ಸಂಶೋಧಕರಿಗೆ ಒಂದು ಕೆಲಸ ಬಾಕಿಯಿದೆ. ಬಾಲನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳ ಬಗ್ಗೆ ಪರಿವೀಕ್ಷಣಾಧಿಕಾರಿಗಳು ಸಾಮಾಜಿಕ ತನಿಖಾ ವರದಿ ಸಲ್ಲಿಸುತ್ತಾರೆ. ಮನೆಯ ಸಂಬಂಧಗಳು ಹೇಗಿವೆ, ಮಗು ಹೊಡೆತ ತಿಂದಿದೆಯೆ, ಯಾರಿಂದ ಎಂಬುದೆಲ್ಲ ಆ ವರದಿಯ ನಮೂನೆಯಲ್ಲೇ ಇದೆ. ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಹೆಸರು, ಊರು ಅಳಿಸಿ, ಮಂಡಳಿಯ ಅನುಮತಿ ಪಡೆದು, ಹಾವೇರಿ ಜಿಲ್ಲೆಯ ಹತ್ತು ವರ್ಷಗಳ ವರದಿಗಳನ್ನು ಯಾರಾದರೂ ಓದಬೇಕು.