ಸಹಪಾಠಿಗಳ ನ್ಯಾಯಪೀಠ: ಬೆತ್ತಕ್ಕೂ ಟಿ.ಸಿ.ಗೂ ನಡುವಿನ ದಾರಿ

ಶಾಲೆಯಲ್ಲಿ ತಪ್ಪೆಸಗಿದ ವಿದ್ಯಾರ್ಥಿಯ ಅಹವಾಲನ್ನು ತರಬೇತಿ ಪಡೆದ ಸಹಪಾಠಿಗಳೇ ಆಲಿಸಿ, ಆದ ಹಾನಿಯನ್ನು ಸರಿಪಡಿಸುವ ಮಾರ್ಗ ನಿರ್ಧರಿಸುವ ವ್ಯವಸ್ಥೆಯೇ ಮಕ್ಕಳ ನ್ಯಾಯಪೀಠ ಅಥವಾ 'ಯೂತ್ ಕೋರ್ಟ್'. ಯಾವ ನಿಯಮ ಮುರಿಯಿತು ಎಂಬುದಕ್ಕಿಂತ ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂಬುದು ಇಲ್ಲಿ ಮುಖ್ಯ ಪ್ರಶ್ನೆ.

ಹಿನ್ನೆಲೆ

ಪೋಲೆಂಡಿನ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್ ವಾರ್ಸಾದ ತಮ್ಮ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯ ಸ್ಥಾಪಿಸಿದ್ದರು. ಅದರ ಸಂಹಿತೆಯ ಮೊದಲ 99 ಕಲಮುಗಳಲ್ಲಿ ಶಿಕ್ಷೆಯೇ ಇರಲಿಲ್ಲ. ಶಿಕ್ಷಕರ ಮೇಲೂ ಮಕ್ಕಳು ದೂರು ನೀಡಬಹುದಿತ್ತು. ಸ್ವತಃ ಕೊರ್ಚಾಕ್ ಅದರ ಮುಂದೆ ನಿಂತಿದ್ದರು. ಅಮೆರಿಕದಲ್ಲಿ ಟೆಕ್ಸಾಸ್‌ನ ಒಡೆಸ್ಸಾ ನಗರದಲ್ಲಿ 1983ರಲ್ಲಿ ಆರಂಭವಾದ 'ಟೀನ್ ಕೋರ್ಟ್' ಇತರೆಡೆಗೆ ಮಾದರಿಯಾಯಿತು. ಅಲ್ಲಿ ವಿಚಾರಣೆಗೆ ಒಳಗಾದವರು ಮುಂದೆ ತೀರ್ಪುಗಾರರಾಗಿ ಕೂರಬೇಕು.

ಕಾರ್ಯವಿಧಾನ

ತಪ್ಪೊಪ್ಪಿಕೊಂಡು, ಪೋಷಕರ ಸಮ್ಮತಿಯೊಡನೆ ಸ್ವಇಚ್ಛೆಯಿಂದ ಬಂದವರ ಪ್ರಕರಣವನ್ನಷ್ಟೇ ಸಾಮಾನ್ಯವಾಗಿ ಕೈಗೆತ್ತಿಕೊಳ್ಳಲಾಗುತ್ತದೆ. ಕ್ಷಮೆ ಕೋರಿಕೆ, ಹಾಳುಗೆಡವಿದ್ದರ ದುರಸ್ತಿ, ಶಾಲಾ ಸೇವೆ ಇತ್ಯಾದಿ ಕ್ರಮಗಳು ಒಪ್ಪಂದದ ರೂಪ ಪಡೆಯುತ್ತವೆ. ವಿಚಾರಣೆ ಗೋಪ್ಯವಾಗಿರುತ್ತದೆ.

ಭಾರತದ ಕಾನೂನು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೇ ಕಲಮು. ಬೆತ್ತವೂ ಇಲ್ಲ, ಟಿ.ಸಿ.ಯೂ ಇಲ್ಲ ಎಂದಾದ ಮೇಲೆ ಶಿಸ್ತಿಗೆ ಬೇರೆ ದಾರಿ ಅನಿವಾರ್ಯ.

ಕರ್ನಾಟಕದ ನೆಲೆ

ಈ ಬಗೆಯ ಹೊಣೆಗಾರಿಕೆ ರಾಜ್ಯದ ಮಕ್ಕಳಿಗೆ ಹೊಸತಲ್ಲ. ಕುಂದಾಪುರ ಭಾಗದಲ್ಲಿ 1990ರ ದಶಕದಲ್ಲೇ ದುಡಿಯುವ ಮಕ್ಕಳ ಸಂಘಟನೆ 'ಭೀಮ ಸಂಘ'ದ ಜೊತೆಗೆ, ಮಕ್ಕಳೇ ಮತ ಹಾಕಿ ಆರಿಸಿದ 'ಮಕ್ಕಳ ಪಂಚಾಯತಿ'ಗಳು ರೂಪುಗೊಂಡವು. 2006ರಲ್ಲಿ ಮಕ್ಕಳ ಗ್ರಾಮಸಭೆ ನಡೆಸುವಂತೆ ಸರ್ಕಾರ ಗ್ರಾಮ ಪಂಚಾಯತಿಗಳಿಗೆ ಸೂಚಿಸಿತು. ಶಾಲೆಗಳಲ್ಲಿ ಚುನಾಯಿತ ಮಂತ್ರಿಮಂಡಲಗಳಿವೆ. ಆದರೆ ಮಂತ್ರಿಮಂಡಲದ ಪಾಲಿಗೆ ಬರುವುದು ಬಹುತೇಕ ಸ್ವಚ್ಛತೆ, ಪ್ರಾರ್ಥನೆ, ಬಿಸಿಯೂಟದ ಉಸ್ತುವಾರಿ; ತಂಟೆ-ತಕರಾರುಗಳ ಇತ್ಯರ್ಥ ಶಿಕ್ಷಕರ ಕೈಯಲ್ಲೇ ಉಳಿದಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರುಗಳಲ್ಲಿ ಒಂದೇ ಓಣಿಯ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ಶಾಲೆಯ ಜಗಳ ಮನೆ ತಲುಪಲು ತಡವಾಗದು, ರಾಜಿಯೂ ಹಾಗೆಯೇ.

ಮಿತಿಗಳು

ಮಕ್ಕಳು ಹಿರಿಯರಿಗಿಂತ ಕಠೋರರಾಗಬಹುದು. ಜಾತಿ, ಸ್ನೇಹಗಳ ಪ್ರಭಾವವೂ ಪೀಠಕ್ಕೆ ತಟ್ಟಬಹುದು. ಆದ್ದರಿಂದ ಶಿಕ್ಷಕರ ಮೇಲ್ವಿಚಾರಣೆ ಅಗತ್ಯ. ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳು ಈ ಪೀಠದ ವ್ಯಾಪ್ತಿಗೆ ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಅವುಗಳನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ.