ಉಂಡೆ, ಚಮಚ, ಹುಸಿಮೀನು: ಗಾಳದ ಬೇಟೆಯಲ್ಲಿ ಆಳದ ಲೆಕ್ಕ

ಎರೆ ನೀರಿನೊಳಗೆ ಎಷ್ಟು ಆಳದಲ್ಲಿರಬೇಕು? ಗಾಳದ ಇತಿಹಾಸವನ್ನು ಈ ಪ್ರಶ್ನೆಯೊಂದರ ಬೆನ್ನು ಹಿಡಿದೇ ಓದಬಹುದು. ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕುವವರು ದಾರದ ಬೆಂಡನ್ನು ಮೇಲೆ ಕೆಳಗೆ ಸರಿಸಿ ಆಳ ಗೊತ್ತುಮಾಡುತ್ತಾರೆ. ಪಶ್ಚಿಮದ ಸಾಲ್ಮನ್ ಬೇಟೆಗಾರರು ಆ ಲೆಕ್ಕವನ್ನು ಹುಸಿಮೀನಿನ ಮೂತಿಯಲ್ಲೇ ಕೂರಿಸಿದರು.

ಅದೇ ಮಲಪ್ರಭೆಯ ಸೀಮೆಯ ಬಾದಾಮಿಯಲ್ಲಿ, ಎರಡನೆಯ ಗುಹೆಯ ಛಾವಣಿಯಲ್ಲಿ, ಹದಿನಾರು ಮೀನುಗಳನ್ನೇ ಅರಗಳಾಗಿಸಿದ ಚಕ್ರವಿದೆ. ಅದು ಅಲಂಕಾರ, ಬೇಟೆಯ ಚಿತ್ರವಲ್ಲ. ಬೇಟೆಯ ವಿವರ ಸಿಗುವುದು ಬಾದಾಮಿ ಚಾಲುಕ್ಯರ ಕುಲದವರೆಂದು ಹೇಳಿಕೊಂಡ ಕಲ್ಯಾಣದ ಅರಸರಲ್ಲಿ. ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು ಅಲ್ಲಿವೆ: ಯಾವುದು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆಯಿದೆ, ಯಾವುದಕ್ಕೆ ಎಂಥ ತಿನಿಸು ಹಾಕಬೇಕು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿವರವಾಗಿ ಪರಿಶೀಲಿಸಿದರು. ಮೀನಿನ ಹಸಿವನ್ನು ಇಷ್ಟು ಶ್ರದ್ಧೆಯಿಂದ ಗಮನಿಸಿದ ಅರಸರು ವಿರಳ.

ಹುಸಿ ಎರೆ ಇಲ್ಲಿಗೆ ಬಂದದ್ದು ಬ್ರಿಟಿಷರ ಜೊತೆ. ಕೃಷ್ಣಾ ಕಣಿವೆಯ ಮಾಹಸೀರ್ ಮೀನನ್ನು ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸೆಣಸಾಟದಲ್ಲಿ ಮಾಹಸೀರ್ ಸಾಲ್ಮನ್‌ಗಿಂತ ಮೇಲು ಎಂದು ಆತ ವಾದಿಸಿದ. ಹೊಳೆಯುವ ಲೋಹದ ಚಮಚ ಈ ಬೇಟೆಯ ಮುಖ್ಯ ಸಲಕರಣೆಯಾಯಿತು. ಆದರೆ ಚಮಚಕ್ಕೆ ತೇಲಲು ಬರುವುದಿಲ್ಲ, ಎಳೆಯುವುದು ನಿಂತೊಡನೆ ಮುಳುಗುತ್ತದೆ.

ಆ ಕೊರತೆ ತುಂಬಿದ್ದು ಹಗುರ ಮರದ ಹುಸಿಮೀನು. ಫಿನ್ಲೆಂಡಿನ ಲೌರಿ ರಾಪಾಲ 1936ರಲ್ಲಿ ಬಿರಡೆಯ ತೊಗಟೆ ಕೆತ್ತಿ, ಗಾಯಗೊಂಡ ಮರಿಮೀನಿನಂತೆ ಓಲಾಡುವ ಒಂದನ್ನು ಮಾಡಿದ. ಇಂಥ ಹುಸಿಮೀನು ಸುಮ್ಮನಿದ್ದಾಗ ತೇಲುತ್ತದೆ. ಎಳೆದಾಗ ಮೂತಿಯ ಕೆಳಗಿನ ಓರೆ ತಗಡಿಗೆ ನೀರು ಬಡಿದು ಅದನ್ನು ತಳಕ್ಕೆ ಒತ್ತುತ್ತದೆ. ತಗಡು ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಮುಳುಗು ಹೆಚ್ಚು, ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಕಡಿಮೆ. ಸಾಲ್ಮನ್ ಬೇಟೆಗಾರ ದೋಣಿಯನ್ನು ಹರಿವಿಗೆ ಎದುರಾಗಿ ತಡೆದು ನಿಲ್ಲಿಸಿದರೂ ಸಾಕು, ಹೊಳೆಯ ಸೆಳೆತವೇ ಹುಸಿಮೀನನ್ನು ಮುಳುಗಿಸಿ ಕುಣಿಸುತ್ತದೆ. ಕಲ್ಲಿಗೆ ಸಿಕ್ಕಿಕೊಳ್ಳುವಂತಾದರೆ ದಾರ ಸಡಿಲ ಬಿಟ್ಟರಾಯಿತು, ತಾನೇ ಮೇಲೇಳುತ್ತದೆ.

ಇತ್ತ ನಮ್ಮ ಕಬಿನಿ ಹೊಳೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಾಹಸೀರ್ ಹಿಡಿದದ್ದು ಇಂದಿಗೂ ಮಾತಿಗೆ ಬರುತ್ತದೆ. 1970ರ ದಶಕದ ಕೊನೆಗೆ ಕಾವೇರಿಗೆ ಬಂದ ಬ್ರಿಟಿಷ್ ಗಾಳಗಾರರ ತಂಡ ನೆಚ್ಚಿಕೊಂಡದ್ದಂತೂ ರಾಗಿ ಹಿಟ್ಟಿನ ಉಂಡೆಯನ್ನು. ಸೋಮೇಶ್ವರನ ಕಾಲದ ತಿಳಿವಳಿಕೆಗೆ ಲೋಹಕ್ಕಿಂತ ಇದೇ ಹತ್ತಿರ.

ಗಾಳಗಾರರ ದಾಖಲೆ ಪುಸ್ತಕಗಳು ಇನ್ನೊಂದು ಸಂಗತಿಯನ್ನೂ ಉಳಿಸಿವೆ. ಲೋಣಾವಳದ ಟಾಟಾ ಕೇಂದ್ರದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಾಹಸೀರ್‌ಗಳನ್ನು ಕಾವೇರಿಗೂ ಬಿಡಲಾಗಿತ್ತು. 1998ರಿಂದ 2012ರವರೆಗಿನ ಕಾವೇರಿ ದಂಡೆಯ ಗಾಲಿಬೋರೆ ಗಾಳಶಿಬಿರದ ಲೆಕ್ಕಗಳನ್ನು ಪರಿಶೀಲಿಸಿದ ಸಂಶೋಧಕ ಪಿಂಡರ್ ಮತ್ತು ಸಂಗಡಿಗರು, ಈ ಹೊರಗಿನ ಮೀನು ಹೆಚ್ಚುತ್ತ ಕಾವೇರಿಯದೇ ಆದ ಡುಬ್ಬದ ಮಾಹಸೀರ್ ಕುಗ್ಗಿದ್ದನ್ನು 2015ರಲ್ಲಿ ತೋರಿಸಿದರು. 2018ರಲ್ಲಿ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.